ಕಿವಿಗೂ ಕೈಗೂ ನಡುವೆ

ಹೋದ ವರ್ಷ ನಮ್ಮ ಯಜಮಾನರಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೂರು ವಾರಕ್ಕೆ ಮತ್ತೆ ಬರಹೇಳಿದ್ದರು. ಚೀಟಿಯಲ್ಲಿ ‘ಕಾಗ್ನಿಟಿವ್ ಅಸೆಸ್‌ಮೆಂಟ್’ ಎಂದು ಬರೆದಿತ್ತು. ಒಳಗೆ ಹೋದರೆ ಯಂತ್ರವಿಲ್ಲ, ಸೂಜಿಯಿಲ್ಲ. ಮೇಜಿನ ಆಚೆ ಒಬ್ಬ ಹುಡುಗಿ, ಈಚೆ ಇವರು. ‘ನಾನು ಹೇಳೋ ನಂಬರ್‌ಗಳನ್ನ ಅದೇ ಥರ ವಾಪಸ್ ಹೇಳಿ ಅಂಕಲ್’ ಎಂದಳು. ಸೆಕೆಂಡಿಗೊಂದರಂತೆ ಅಂಕಿಗಳು ಬಂದವು. ನಾಲ್ಕನ್ನು ಇವರು ಸಲೀಸಾಗಿ ಹೇಳಿದರು. ಐದನ್ನು ತಡೆತಡೆದು. ಆರಕ್ಕೆ ಹೋದಾಗ ಕೊನೆಯ ಎರಡು ಅದಲುಬದಲಾದವು. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡುವ ಹುಡುಗನ ಹಾಗೆ ಇವರು ನನ್ನ ಮುಖ ನೋಡಿದರು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನಾನು ಅಷ್ಟು ಹೊತ್ತೂ ತುಟಿ ಬಿಗಿಹಿಡಿದು ಪ್ರತಿ ಸಾಲನ್ನೂ ಒಳಗೊಳಗೇ ಒಪ್ಪಿಸುತ್ತಿದ್ದೆ. ಆರಲ್ಲ, ಎಂಟು ಕೊಟ್ಟಿದ್ದರೂ ನನಗೆ ತಪ್ಪುತ್ತಿರಲಿಲ್ಲ. ಜಂಬದ ಮಾತಲ್ಲ, ಆ ಕೆಲಸಕ್ಕೇ ಸರ್ಕಾರ ನನಗೆ ಸಂಬಳ ಕೊಟ್ಟಿತ್ತು.

ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. 1973ರಲ್ಲಿ ಸೇರಿದ್ದು, ಹಾಸನ ಸೀಮೆಯ ಒಂದು ಪುಟ್ಟ ಊರಿನ ಎಕ್ಸ್‌ಚೇಂಜಿಗೆ. ಎದುರಿಗೆ ಬೋರ್ಡು, ತಲೆಗೆ ಹೆಡ್‌ಸೆಟ್ಟು, ಕೈಯಲ್ಲಿ ತುದಿಗೆ ಹಿತ್ತಾಳೆ ಪ್ಲಗ್ ಇರುವ ವೈರು. ದೀಪ ಹತ್ತಿದರೆ ಪ್ಲಗ್ ಚುಚ್ಚಿ ‘ನಂಬರ್ ಪ್ಲೀಸ್’ ಎನ್ನಬೇಕು. ಯಾವ ಊರು, ಯಾವ ನಂಬರು, ಯಾರು ಬೇಕು, ಆರ್ಡಿನರಿಯೋ ಅರ್ಜೆಂಟೋ, ಎಲ್ಲವೂ ಒಂದೇ ಉಸಿರಿಗೆ ಬರುತ್ತಿತ್ತು. ಅದನ್ನು ಟ್ರಂಕ್ ಟಿಕೆಟ್ಟಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಪಕ್ಕದ ದೀಪ ಹತ್ತುತ್ತಿತ್ತು. ಕಿವಿಗೆ ಬಿದ್ದ ನಂಬರು ಕೈಗೆ ಇಳಿಯುವ ತನಕ, ಆ ನಾಲ್ಕೈದು ಸೆಕೆಂಡು ಎಲ್ಲಿರುತ್ತದೆ? ವೈರಿನಲ್ಲಿಲ್ಲ, ಕಾಗದದ ಮೇಲಿಲ್ಲ. ನನ್ನೊಳಗೇ ಎಲ್ಲೋ ಇರಬೇಕು.

ಈ ಪ್ರಶ್ನೆ ಕೇಳುವುದೇ ತಪ್ಪು ಎಂದು ನಾನು ಬಿ.ಎ.ಯಲ್ಲಿ ಓದಿ ಬಂದಿದ್ದೆ.

ಬಾಗಿಲು ಹಾಕಿದ್ದ ಕೋಣೆ

ಮೈಸೂರಿನಲ್ಲಿ ಮನಃಶಾಸ್ತ್ರ ನನ್ನ ಐಚ್ಛಿಕ ವಿಷಯವಾಗಿತ್ತು. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಕಲಿತು ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರ ಹೆಸರನ್ನು ನಮ್ಮ ಮೇಷ್ಟರು ತುಂಬ ಗೌರವದಿಂದ ಹೇಳುತ್ತಿದ್ದರು. 1935ರಲ್ಲಿ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ಶುರುಮಾಡಿದವರೂ ಅವರೇ. ಮನಸ್ಸಿನ ಪಾಠ ಹೇಳುವ ಮನುಷ್ಯನಿಗೆ ರೇಡಿಯೋ ಗೀಳು ಯಾಕೆ ಹತ್ತಿತು ಎಂದು ಆಗ ನನಗೆ ನಗು ಬರುತ್ತಿತ್ತು. ಮನಸ್ಸಿಗೂ ತಂತಿಗೂ ಇರುವ ನೆಂಟಸ್ತನ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಪಠ್ಯಪುಸ್ತಕದ ತುಂಬ ಇದ್ದದ್ದು ನಾಯಿ, ಇಲಿ, ಪಾರಿವಾಳ. ಅಮೆರಿಕದ ಜಾನ್ ವಾಟ್ಸನ್ 1913ರಲ್ಲೇ ಒಂದು ಗೆರೆ ಎಳೆದಿದ್ದರು. ವಿಜ್ಞಾನಕ್ಕೆ ಬೇಕಾದದ್ದು ಕಣ್ಣಿಗೆ ಕಾಣುವ ವರ್ತನೆ ಮಾತ್ರ. ಅನಿಸಿಕೆ, ನೆನಪು, ಆಲೋಚನೆ ಎಂದು ಒಳಗಿನ ಮಾತಾಡುವುದೆಲ್ಲ ಹರಟೆ ಎಂಬುದು ಅವರ ವಾದ. ಇದು ವರ್ತನಾವಾದ. ಹಾರ್ವರ್ಡಿನ ಬಿ.ಎಫ್. ಸ್ಕಿನ್ನರ್ ಇದನ್ನು ಶಿಖರಕ್ಕೇರಿಸಿದರು. ಪೆಟ್ಟಿಗೆಯೊಳಗೆ ಇಲಿ, ಅದರ ಮುಂದೆ ಒಂದು ಸನ್ನೆಕೋಲು. ಒತ್ತಿದರೆ ಕಾಳು ಬೀಳುತ್ತದೆ. ಎಷ್ಟು ಸಲ ಒತ್ತಿತು ಎಂದು ಎಣಿಸಬೇಕು. ಒಳಗೆ ಹೋದದ್ದು ಪ್ರಚೋದನೆ, ಹೊರಗೆ ಬಂದದ್ದು ಪ್ರತಿಕ್ರಿಯೆ. ನಡುವಿನ ಕೋಣೆಗೆ ಬಾಗಿಲು ಹಾಕಿತ್ತು.

ಇದನ್ನು ಹಗುರವಾಗಿ ನೋಡಬಾರದು. ಅದಕ್ಕೂ ಮುಂಚಿನ ಮನಃಶಾಸ್ತ್ರಜ್ಞರು ತಮ್ಮೊಳಗೆ ತಾವೇ ಇಣುಕಿ ಹೇಳಿದ್ದು ಒಬ್ಬರಿಗೊಬ್ಬರಿಗೆ ತಾಳೆಯಾಗುತ್ತಿರಲಿಲ್ಲ. ಎಣಿಸಬಹುದಾದದ್ದನ್ನು ಮಾತ್ರ ಎಣಿಸೋಣ ಎಂಬ ಹಟ ಆ ರಗಳೆಗೆ ಮದ್ದಾಗಿ ಬಂದದ್ದು. ಆದರೆ ಮದ್ದೇ ಊಟವಾಗಿ ನಲವತ್ತು ವರ್ಷ ನಡೆಯಿತು.

ನಮ್ಮ ಎಕ್ಸ್‌ಚೇಂಜಿನಲ್ಲೂ ಒಬ್ಬರು ವರ್ತನಾವಾದಿ ಇದ್ದರು. ವಾಟ್ಸನ್ ಹೆಸರು ಕೇಳಿದವರಲ್ಲ, ನಮ್ಮ ಮೇಲ್ವಿಚಾರಕಿ. ಒಮ್ಮೆ ರಾತ್ರಿ ಪಾಳಿಯಲ್ಲಿ ನಾನು ಎರಡು ಅಂಕಿಗಳನ್ನು ಹಿಂದುಮುಂದು ಮಾಡಿ ಯಾರದೋ ಮನೆಯ ಫೋನು ಎರಡು ಗಂಟೆಗೆ ಹೊಡೆದುಕೊಂಡಿತು. ‘ಮೇಡಂ, ಸರಿಯಾಗೇ ಕೇಳಿಸಿಕೊಂಡೆ, ಬರೆಯೋವಾಗ ಅದು ಒಳಗೇ ತಿರುಗಿಬಿಡ್ತು’ ಎಂದೆ. ‘ನಿನ್ನ ತಲೇಲಿ ಏನು ತಿರುಗ್ತು ಅನ್ನೋದು ನಂಗ್ಯಾಕಮ್ಮ? ಗಂಟೆಗೆ ಎಷ್ಟು ಟಿಕೆಟ್ಟು, ಅದರಲ್ಲಿ ಎಷ್ಟು ತಪ್ಪು, ಅಷ್ಟು ಹೇಳು’ ಎಂದರು. ಲೆಕ್ಕಕ್ಕೆ ಅಷ್ಟು ಸಾಕು. ಆದರೆ ಇಪ್ಪತ್ತಮೂರನ್ನು ಮೂವತ್ತೆರಡು ಮಾಡುವ ತಪ್ಪೇ ನಮಗೆಲ್ಲ ಪದೇಪದೇ ಯಾಕೆ ಆಗುತ್ತದೆ, ಇಪ್ಪತ್ತಮೂರನ್ನು ಎಂಬತ್ತೇಳು ಮಾಡುವ ತಪ್ಪು ಯಾಕೆ ಆಗುವುದಿಲ್ಲ? ತಪ್ಪಿಗೂ ಒಂದು ಕ್ರಮವಿದ್ದರೆ ಒಳಗೆ ಏನೋ ಕ್ರಮ ಇರಲೇಬೇಕಲ್ಲ.

ಇದೇ ಜಾಡಿನ ಪ್ರಶ್ನೆಯನ್ನು ನಾನು ಹುಟ್ಟುವ ಮುಂಚೆಯೇ ಒಬ್ಬರು ಎತ್ತಿದ್ದರು ಎಂದು ಆಸ್ಪತ್ರೆಯ ಆ ಚೀಟಿಯ ಬೆನ್ನು ಹತ್ತಿ ಓದುವಾಗ ತಿಳಿಯಿತು. 1948ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನದಲ್ಲಿ ಹಿಕ್ಸನ್ ವಿಚಾರಗೋಷ್ಠಿ ನಡೆಯಿತು. ಅಲ್ಲಿ ಮಿದುಳು ತಜ್ಞ ಕಾರ್ಲ್ ಲ್ಯಾಶ್ಲಿ ಪಿಯಾನೋ ನುಡಿಸುವವರ ಬೆರಳುಗಳನ್ನು ಉದಾಹರಣೆಗೆ ತೆಗೆದುಕೊಂಡರು. ಒಂದು ಬೆರಳು ಒತ್ತಿದ ಸುದ್ದಿ ಮಿದುಳಿಗೆ ಹೋಗಿ, ಅದು ಮುಂದಿನ ಬೆರಳಿಗೆ ಪ್ರಚೋದನೆಯಾಗಿ ಮರಳುವಷ್ಟು ಸಮಯವೇ ಅಲ್ಲಿಲ್ಲ. ಹಾಗಾಗಿ ಇಡೀ ಸಾಲು ಮೊದಲೇ ಒಳಗೆ ಸಿದ್ಧವಾಗಿರಬೇಕು. ಬಾಯ್ತಪ್ಪುಗಳೂ ಇದನ್ನೇ ಹೇಳುತ್ತವೆ. ‘ಬಿಸಿ ಹಾಲು’ ಎನ್ನಲು ಹೋಗಿ ‘ಹಿಸಿ ಬಾಲು’ ಎಂದುಬಿಡುತ್ತೇವೆ. ಹಾಲಿನ ‘ಹ’ ಇನ್ನೂ ತನ್ನ ಸರದಿ ಬರುವ ಮುಂಚೆಯೇ ಒಳಗೆ ಸಾಲಿನಲ್ಲಿ ನಿಂತಿರದಿದ್ದರೆ ಮುಂದೆ ನುಗ್ಗಿದ್ದಾದರೂ ಹೇಗೆ?

ಯುದ್ಧದ ಕಿವಿಗಳು

ಮುಚ್ಚಿದ ಬಾಗಿಲನ್ನು ತೆರೆಸಿದ್ದು ತತ್ವಜ್ಞಾನವಲ್ಲ, ಎರಡನೇ ಮಹಾಯುದ್ಧ. ವಿಮಾನ, ರೇಡಾರು, ವೈರ್‌ಲೆಸ್ಸು ಬಂದಮೇಲೆ ಅವುಗಳ ಮುಂದೆ ಕೂತ ಮನುಷ್ಯನೇ ಎಲ್ಲಕ್ಕಿಂತ ನಿಧಾನದ ಭಾಗವೆಂದು ಸೈನ್ಯಕ್ಕೆ ಗೊತ್ತಾಯಿತು. ಅವನು ಎಷ್ಟು ಕೇಳಿಸಿಕೊಳ್ಳಬಲ್ಲ, ಎಷ್ಟು ಹೊತ್ತು ಕಣ್ಣಿಟ್ಟು ನೋಡಬಲ್ಲ, ಎಲ್ಲಿ ಎಡವುತ್ತಾನೆ? ಉತ್ತರ ಕೂಡಲೇ ಬೇಕಿತ್ತು, ಇಲಿಯನ್ನು ಕೇಳಿ ಕೂರುವಂತಿರಲಿಲ್ಲ.

ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ 1944ರಲ್ಲಿ ಅನ್ವಯಿಕ ಮನಃಶಾಸ್ತ್ರದ ಘಟಕವೊಂದು ಹುಟ್ಟಿತು. ಮೊದಲ ನಿರ್ದೇಶಕ ಕೆನೆತ್ ಕ್ರೇಕ್. ಮನಸ್ಸು ಹೊರಗಿನ ಲೋಕದ ಪುಟ್ಟ ಮಾದರಿಯೊಂದನ್ನು ತನ್ನೊಳಗೆ ಕಟ್ಟಿಕೊಂಡು, ಅದರ ಮೇಲೆ ಪ್ರಯೋಗ ಮಾಡಿ ನೋಡಿ ಆಮೇಲೆ ಕೈ ಹಾಕುತ್ತದೆ ಎಂದು 1943ರಲ್ಲೇ ಬರೆದಿದ್ದವರು. ಯುರೋಪಿನ ಯುದ್ಧ ಮುಗಿದ ಸಂಭ್ರಮಾಚರಣೆಯ ಹಿಂದಿನ ದಿನ, 1945ರ ಮೇ 7ರಂದು ಸೈಕಲ್ಲಿನಲ್ಲಿ ಹೋಗುವಾಗ ಅಪಘಾತವಾಗಿ ತೀರಿಕೊಂಡರು. ಆಗ ಅವರಿಗೆ 31 ವರ್ಷ.

ಅದೇ ಘಟಕದಲ್ಲಿ ಮುಂದೆ ಡೊನಾಲ್ಡ್ ಬ್ರಾಡ್‌ಬೆಂಟ್ ಮಾಡಿದ ಪ್ರಯೋಗ ಓದಿದಾಗ ನನಗೆ ನನ್ನ ಬೋರ್ಡಿನ ಮುಂದೆಯೇ ಕೂತ ಹಾಗಾಯಿತು. ಹೆಡ್‌ಸೆಟ್ ಹಾಕಿಸಿ ಒಂದೊಂದು ಕಿವಿಗೆ ಮೂರು ಮೂರು ಅಂಕಿ, ಎರಡೂ ಕಡೆ ಒಟ್ಟೊಟ್ಟಿಗೆ. ಬಲಗಿವಿಗೆ ಒಂದು ಅಂಕಿ ಬಿದ್ದ ಗಳಿಗೆಯಲ್ಲೇ ಎಡಗಿವಿಗೆ ಇನ್ನೊಂದು. ಕೇಳಿದವರು ಬಂದ ಕ್ರಮದಲ್ಲಿ ಜೋಡಿಜೋಡಿಯಾಗಿ ಹೇಳುವುದಿಲ್ಲ. ಒಂದು ಕಿವಿಯ ಮೂರನ್ನೂ ಮುಗಿಸಿ ಆಮೇಲೆ ಇನ್ನೊಂದು ಕಿವಿಯದಕ್ಕೆ ಹೋಗುತ್ತಾರೆ. ಅಂದರೆ ಎರಡನೇ ಕಿವಿಯ ಅಂಕಿಗಳು ಅಷ್ಟು ಹೊತ್ತು ಎಲ್ಲೋ ಕಾಯುತ್ತಿರುತ್ತವೆ, ಟ್ರಂಕ್ ಲೈನು ಖಾಲಿಯಾಗಲೆಂದು ಕಾಯುವ ಟಿಕೆಟ್ಟಿನಂತೆ. ಒಳಗೆ ಒಂದು ಜರಡಿ, ಒಂದು ತಂಗುದಾಣ, ಒಂದೇ ಒಂದು ಇಕ್ಕಟ್ಟಾದ ದಾರಿ ಇದೆ ಎಂದು ಬ್ರಾಡ್‌ಬೆಂಟ್ 1958ರ ತಮ್ಮ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿದರು.

ಕಾಲಿನ್ ಚೆರ‍್ರಿ 1953ರಲ್ಲಿ ಪ್ರಕಟಿಸಿದ್ದು ಇನ್ನೂ ಸೋಜಿಗ. ಒಂದು ಕಿವಿಯ ಮಾತನ್ನು ಬಾಯಲ್ಲಿ ಹೇಳುತ್ತ ಹೋಗಿ ಎಂದು ಹೇಳಿ, ಇನ್ನೊಂದು ಕಿವಿಯಲ್ಲಿ ಬೇರೆ ಮಾತು ಹಾಕಿದರು. ಆ ಕಿವಿಯ ಮಾತು ಇಂಗ್ಲಿಷಿನಿಂದ ಜರ್ಮನ್‌ಗೆ ಹೊರಳಿದ್ದೂ ಕೇಳುಗರಿಗೆ ತಿಳಿಯಲಿಲ್ಲ. ಗಂಡಸಿನ ದನಿ ಹೋಗಿ ಹೆಂಗಸಿನ ದನಿ ಬಂದದ್ದು ಮಾತ್ರ ತಿಳಿಯಿತು. ಇದನ್ನು ನಮಗೆ ಯಾವ ಪ್ರಯೋಗಾಲಯವೂ ಹೇಳಬೇಕಿರಲಿಲ್ಲ. ಎಡಗಿವಿಯಲ್ಲಿ ಬೆಂಗಳೂರಿನ ಆಪರೇಟರ್, ಬಲಕ್ಕೆ ಪಕ್ಕದ ಕುರ್ಚಿಯ ಶಾಂತಮ್ಮನ ಮನೆಕಥೆ. ಬೆಂಗಳೂರು ಮುಗಿಸಿ ಈ ಕಡೆ ತಿರುಗಿದರೆ ಶಾಂತಮ್ಮ ಅತ್ತೆಯನ್ನು ಬೈಯುತ್ತಿದ್ದಳೋ ಹೊಗಳುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ. ಆದರೆ ನಡುವೆ ನನ್ನ ಹೆಸರು ಬಂದಿದ್ದರೆ ಮಾತ್ರ ಕಿವಿ ಚುರುಕ್ಕೆನ್ನುತ್ತಿತ್ತು! ತಮ್ಮ ಹೆಸರು ಹೀಗೆ ಜರಡಿ ದಾಟಿ ಬರುತ್ತದೆಂದು 1959ರಲ್ಲಿ ನೆವಿಲ್ ಮೊರೇ ಪ್ರಯೋಗ ಮಾಡಿಯೇ ತೋರಿಸಿದರು.

ಏಳರ ಕಾಟ

ಅಮೆರಿಕದ ಕಡೆ ಹೀಗೆ ಕಿವಿಯಿಂದ ಶುರುಮಾಡಿದವರು ಜಾರ್ಜ್ ಮಿಲ್ಲರ್. 1920ರಲ್ಲಿ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್ನಿನಲ್ಲಿ ಹುಟ್ಟಿದವರು. ಯುದ್ಧದ ಕಾಲದಲ್ಲಿ ಹಾರ್ವರ್ಡಿನಲ್ಲಿ ಅವರು ಮಾಡುತ್ತಿದ್ದುದು ಗುಟ್ಟಿನ ಕೆಲಸ. ಶತ್ರುವಿನ ರೇಡಿಯೋ ಮಾತು ಕೇಳದಂತೆ ಯಾವ ಬಗೆಯ ಗದ್ದಲ ಎಬ್ಬಿಸಿದರೆ ಹೆಚ್ಚು ಲಾಭ ಎಂದು ನೋಡುವುದು. ಮಾತು ಕೆಡಿಸುವ ವಿದ್ಯೆಯಿಂದ ಮಾತು ತಿಳಿಯುವ ವಿದ್ಯೆಗೆ ಬಂದರು.

ಆಗ ಅವರ ಕೈಗೆ ಬಂದ ಅಳತೆಗೋಲು ಟೆಲಿಫೋನಿನದು. ಬೆಲ್ ಟೆಲಿಫೋನ್ ಲ್ಯಾಬೊರೇಟರೀಸಿನ ಕ್ಲಾಡ್ ಶ್ಯಾನನ್ 1948ರಲ್ಲಿ ಮಾಹಿತಿಯನ್ನು ಅಳೆಯುವ ಗಣಿತ ಬರೆದರು. ಎರಡರಲ್ಲಿ ಒಂದು ಎಂದು ತೀರ್ಮಾನವಾದರೆ ಒಂದು ‘ಬಿಟ್’. ಎಂಟರಲ್ಲಿ ಒಂದಾದರೆ ಮೂರು ಬಿಟ್. ಒಂದು ತಂತಿಯಲ್ಲಿ ಸೆಕೆಂಡಿಗೆ ಎಷ್ಟು ಬಿಟ್ ಹರಿಸಬಹುದು ಎಂಬುದಕ್ಕೆ ಮಿತಿಯಿದೆ, ಆ ಮಿತಿಯನ್ನು ಲೆಕ್ಕ ಹಾಕಬಹುದು. ಇದೇ ಶ್ಯಾನನ್ ವಿದ್ಯಾರ್ಥಿಯಾಗಿದ್ದಾಗ, ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳನ್ನು ಸರಿಯಾಗಿ ಜೋಡಿಸಿದರೆ ತರ್ಕವನ್ನೇ ನಡೆಸಬಹುದು ಎಂದು ತೋರಿಸಿದ್ದರು. ನಮ್ಮೂರಿಗೆ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂದಾಗ ಹಿಂದಿನ ಕೋಣೆಯಲ್ಲಿ ಸಾಲುಸಾಲಾಗಿ ಕಟಕಟ ಎನ್ನುತ್ತಿದ್ದವಲ್ಲ, ಅವೇ ರಿಲೇ. ನಮ್ಮ ಕೆಲಸ ಕಿತ್ತುಕೊಂಡ ಆ ಕಟಕಟದೊಳಗೆ ತರ್ಕಶಾಸ್ತ್ರ ಕೂತಿತ್ತೆಂದು ಆಗ ಯಾರಿಗೆ ಗೊತ್ತು!

ತಂತಿಗೆ ಮಿತಿಯಿದ್ದರೆ ಮನುಷ್ಯನಿಗೆ? ಮಿಲ್ಲರ್ ಕೇಳಿದ್ದು ಇದನ್ನೇ. ಬೇರೆ ಬೇರೆ ಎತ್ತರದ ಸ್ವರಗಳನ್ನು ಕೇಳಿಸಿ, ಒಂದೊಂದಕ್ಕೂ ಒಂದು ನಂಬರು ಕೊಟ್ಟು, ಇದು ಎಷ್ಟನೆಯದು ಎಂದು ಗುರುತಿಸಲು ಹೇಳಿದರೆ ಸಾಮಾನ್ಯರು ಆರು ಸ್ವರಗಳವರೆಗೆ ಸರಿಯಾಗಿ ಹೇಳುತ್ತಾರೆ. ಮೇಲೆ ಹೋದರೆ ಗಲಿಬಿಲಿ. ಕೇಳಿಸಿದ ಅಂಕಿಗಳನ್ನು ಒಪ್ಪಿಸಲು ಹೇಳಿದರೂ ಏಳರ ಆಸುಪಾಸಿನಲ್ಲೇ ನಿಲ್ಲುತ್ತಾರೆ. ಈ ಸಂಖ್ಯೆ ತನ್ನನ್ನು ಬೆಂಬಿಡದೆ ಕಾಡುತ್ತಿದೆ ಎಂಬ ತಮಾಷೆಯ ದೂರಿನೊಂದಿಗೇ ಅವರ 1956ರ ಪ್ರಸಿದ್ಧ ಲೇಖನ ಶುರುವಾಗುತ್ತದೆ. ‘ಏಳು, ಎರಡು ಹೆಚ್ಚು ಅಥವಾ ಕಡಿಮೆ’ ಎಂಬ ಮಾತು ಬಂದದ್ದು ಅಲ್ಲಿಂದ.

ಆದರೆ ಲೇಖನದ ತಿರುಳು ಏಳಲ್ಲ. ಏಳು ಏನು ಎಂಬುದು. ಆ ಏಳು ಬಿಡಿ ಅಂಕಿಗಳಾಗಬೇಕಿಲ್ಲ, ಗಂಟುಗಳಾಗಬಹುದು. ಹೊಸಬಳಿಗೆ ಸೊನ್ನೆ, ಎಂಟು, ಎರಡು, ಒಂದು ಎಂದರೆ ನಾಲ್ಕು ಅಂಕಿ. ನನಗೆ ಅದು ಒಂದೇ, ‘ಮೈಸೂರು’. 08172 ಐದಲ್ಲ, ‘ಹಾಸನ’. ಸಿಡ್ನಿ ಸ್ಮಿತ್ ಎಂಬ ಸಂಶೋಧಕ ಸೊನ್ನೆ ಮತ್ತು ಒಂದು ಮಾತ್ರ ಇರುವ ಉದ್ದನೆಯ ಸಾಲನ್ನು ನಾಲ್ಕು ನಾಲ್ಕಾಗಿ, ಐದು ಐದಾಗಿ ಕಟ್ಟಿ, ಒಂದೊಂದು ಕಟ್ಟಿಗೂ ಬೇರೆ ಅಂಕಿ ಇಟ್ಟು ಅಭ್ಯಾಸ ಮಾಡಿಕೊಂಡು, ನಲವತ್ತರಷ್ಟು ಅಂಕಿಗಳನ್ನು ಒಂದೇ ಸಲ ಕೇಳಿ ಒಪ್ಪಿಸಿದರೆಂದು ಮಿಲ್ಲರ್ ಬರೆಯುತ್ತಾರೆ. ಹೊರುವ ತಲೆಯ ಅಳತೆ ಬದಲಾಗುವುದಿಲ್ಲ, ಸೊಪ್ಪಿನ ಕಟ್ಟು ಬಿಗಿಯಾಗುತ್ತದೆ. ಆದರೆ ಕಟ್ಟುವುದು ಯಾರು? ಪ್ರಚೋದನೆ ಕಟ್ಟುವುದಿಲ್ಲ, ಅದು ಬಿಡಿಬಿಡಿಯಾಗೇ ಬರುತ್ತದೆ. ನಡುವೆ ಒಳಗೆ ಯಾರೋ ಕೂತು ಕಟ್ಟುತ್ತಿದ್ದಾರೆ ಎಂದು ಒಪ್ಪದೆ ಇದನ್ನು ವಿವರಿಸಲಾಗುವುದಿಲ್ಲ. ಬಾಗಿಲಲ್ಲಿ ಬಿರುಕು ಬಿಟ್ಟದ್ದು ಇಲ್ಲಿ.

ಅಮೆರಿಕದ ಟೆಲಿಫೋನ್ ನಂಬರು ಏಳಂಕಿಯದಾದದ್ದು ಮಿಲ್ಲರ್ ಹೇಳಿದ್ದರಿಂದ ಎಂಬ ಕಥೆ ಬಹಳ ಕಡೆ ಓಡಾಡುತ್ತದೆ. ಅದು ಸುಳ್ಳು. ಲೇಖನ ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿ ಎರಡು ಅಕ್ಷರ, ಐದು ಅಂಕಿ ಸೇರಿದ ಏಳರ ನಂಬರುಗಳಿದ್ದವು. ಗಂಟು ಕಟ್ಟಲು ಬಿಡದೆ ನೋಡಿದರೆ ನಿಜವಾದ ಮಿತಿ ನಾಲ್ಕರ ಆಸುಪಾಸು ಎಂದು 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು. ಹತ್ತಂಕಿಯ ಮೊಬೈಲ್ ನಂಬರನ್ನು ನಾವು ಯಾರೂ ಇಡಿಯಾಗಿ ಹೇಳುವುದಿಲ್ಲ, ಮುರಿದು ಮುರಿದು ಹೇಳುತ್ತೇವೆ. ಗಂಟು ಕಟ್ಟುವ ಬುದ್ಧಿ ಎಲ್ಲರಲ್ಲೂ ಇದೆ.

ಒಂದು ಮಂಗಳವಾರ

ಒಂದು ವಿಜ್ಞಾನಕ್ಕೆ ಹುಟ್ಟಿದ ತಾರೀಕು ಇರುವುದು ಅಪರೂಪ. ಕಾಗ್ನಿಟಿವ್ ಸೈನ್ಸಿಗೆ, ಅಂದರೆ ಅರಿವಿನ ವಿಜ್ಞಾನಕ್ಕೆ ಮಿಲ್ಲರ್ ಒಂದು ತಾರೀಕನ್ನೇ ಕೊಟ್ಟರು: 1956ರ ಸೆಪ್ಟೆಂಬರ್ 11. ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಮಾಹಿತಿ ಸಿದ್ಧಾಂತದ ಮೂರು ದಿನದ ಗೋಷ್ಠಿ, ಅದರ ಎರಡನೆಯ ದಿನ, ಮಂಗಳವಾರ. ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ ಕೈ ಹಾಕದ ವಾರ! ಆ ದಿನ ಮಿಲ್ಲರ್ ತಮ್ಮ ನೆನಪಿನ ಮಿತಿಯ ಮಾತಾಡಿದರು. ಮಿದುಳಿನ ನರಕೋಶಗಳು ಗುಂಪುಗೂಡುವುದನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡಿದವರ ವರದಿಯೂ ಇತ್ತು. ಆದರೆ ನೆನಪಿನಲ್ಲಿ ಉಳಿದದ್ದು ಇನ್ನೆರಡು ಪ್ರಬಂಧಗಳು.

ಒಂದು, ಅಲೆನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್ ಅವರದು. ಕ್ಲಿಫ್ ಶಾ ಜೊತೆ ಸೇರಿ ಅವರು ‘ಲಾಜಿಕ್ ಥಿಯರಿಸ್ಟ್’ ಎಂಬ ಪ್ರೋಗ್ರಾಂ ಬರೆದಿದ್ದರು. ರಸೆಲ್ ಮತ್ತು ವೈಟ್‌ಹೆಡ್ ಅವರ ತರ್ಕದ ಮಹಾಗ್ರಂಥದಿಂದ ಪ್ರಮೇಯ ಕೊಟ್ಟರೆ ಅದನ್ನು ಸಾಧಿಸುವುದು ಅದರ ಕೆಲಸ. ಎಲ್ಲ ದಾರಿಗಳನ್ನೂ ಒಂದೊಂದಾಗಿ ಹಿಡಿಯದೆ, ಗುರಿಯಿಂದ ಹಿಂದಕ್ಕೆ ನೋಡಿ, ಇದು ಉಪಯೋಗಕ್ಕೆ ಬಂದೀತು ಎನ್ನಿಸಿದ್ದನ್ನು ಮೊದಲು ಹಿಡಿಯುತ್ತಿತ್ತು, ನಾವು ಮನೆಯಲ್ಲಿ ಕಳೆದ ಬೀಗದಕೈ ಹುಡುಕುವ ಹಾಗೆ. ಎರಡನೇ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಅದು ಸಾಧಿಸಿತು. ಒಂದಕ್ಕಂತೂ ಪುಸ್ತಕದಲ್ಲಿದ್ದದ್ದಕ್ಕಿಂತ ಚೊಕ್ಕವಾದ ದಾರಿ ಕಂಡುಕೊಂಡಿತು.

ಇದಕ್ಕಿಂತ ನನಗೆ ಇಷ್ಟವಾದದ್ದು ಅದರ ಬಾಣಂತನದ ಕಥೆ. ಪ್ರೋಗ್ರಾಂ ಇನ್ನೂ ಕಂಪ್ಯೂಟರಿಗೆ ಹತ್ತುವ ಮುಂಚೆ, 1956ರ ಜನವರಿಯ ಒಂದು ಸಂಜೆ, ಪಿಟ್ಸ್‌ಬರ್ಗಿನ ತಮ್ಮ ಕಾಲೇಜಿನಲ್ಲಿ ಸೈಮನ್ ತಮ್ಮ ಹೆಂಡತಿ, ಮೂವರು ಮಕ್ಕಳು, ಕೆಲವು ವಿದ್ಯಾರ್ಥಿಗಳನ್ನು ಕೂಡಿಸಿದರು. ಒಬ್ಬೊಬ್ಬರ ಕೈಗೂ ಒಂದೊಂದು ಕಾರ್ಡು. ಅದರಲ್ಲಿ ಪ್ರೋಗ್ರಾಮಿನ ಒಂದು ತುಣುಕು. ಯಾರಾದರೂ ಕರೆದಾಗ ತನ್ನ ಕಾರ್ಡಿನಲ್ಲಿ ಬರೆದಷ್ಟನ್ನು ಮಾಡಿ, ಉತ್ತರವನ್ನು ಕರೆದವರಿಗೆ ಒಪ್ಪಿಸಬೇಕು. ಮಕ್ಕಳಿಗೆ ತರ್ಕಶಾಸ್ತ್ರ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಹಾಗೆ ಕೈಯಿಂದ ಕೈಗೆ ದಾಟುತ್ತ ಪ್ರೋಗ್ರಾಂ ನಡೆಯಿತು!

ಓದುತ್ತ ನನಗೆ ಮೈ ಜುಮ್ಮೆಂದಿತು. ಸಕಲೇಶಪುರದ ಕಡೆಯ ಒಂದು ತೋಟದಿಂದ ಮುಂಬಯಿಗೆ ಕಾಲು ಬುಕ್ ಮಾಡಿದರೆ ನಾವು ಮಾಡುತ್ತಿದ್ದುದು ಇದನ್ನೇ ಅಲ್ಲವೇ? ನಾನು ಹಾಸನವನ್ನು ಕರೆಯುತ್ತಿದ್ದೆ, ಹಾಸನದವಳು ಬೆಂಗಳೂರನ್ನು, ಅಲ್ಲಿಯವಳು ಮುಂಬಯಿಯನ್ನು. ಒಬ್ಬೊಬ್ಬಳಿಗೂ ತನ್ನ ಬೋರ್ಡಷ್ಟೇ ಗೊತ್ತು. ಇಡೀ ದಾರಿ ಯಾರ ತಲೆಯಲ್ಲೂ ಇರಲಿಲ್ಲ. ಆದರೂ ತೋಟದ ಸಾಹುಕಾರರು ‘ಹಲೋ’ ಎಂದರೆ ಮುಂಬಯಿಯ ಕಾಫಿ ವ್ಯಾಪಾರಿ ‘ಹಲೋ’ ಎನ್ನುತ್ತಿದ್ದ. ಜಾಣತನ ಒಂದೇ ಕಡೆ ಗುಡ್ಡೆ ಬಿದ್ದಿರಬೇಕಿಲ್ಲ, ಜಾಣರಲ್ಲದ ಸಣ್ಣಸಣ್ಣ ತುಂಡುಗಳು ಸರಿಯಾಗಿ ಕೈಜೋಡಿಸಿದರೆ ಒಟ್ಟಿನಲ್ಲಿ ಜಾಣತನ ಹುಟ್ಟುತ್ತದೆ. ಮನಸ್ಸನ್ನು ಹೀಗೆ ನೋಡಬಹುದು ಎಂಬುದೇ ಆ ಕಾರ್ಡುಗಳ ಪಾಠ.

ಇನ್ನೊಂದು ಪ್ರಬಂಧ 27 ವರ್ಷದ ನೋಮ್ ಚಾಮ್‌ಸ್ಕಿಯದು. ವಿಷಯ ಭಾಷೆ. ಒಂದು ಪದ ಬಂದಮೇಲೆ ಮುಂದಿನ ಪದ ಯಾವುದು ಬರಬಹುದೆಂಬ ಸರಪಳಿ ಲೆಕ್ಕದಿಂದ ವಾಕ್ಯಗಳನ್ನು ವಿವರಿಸಬಹುದು ಎಂದು ಆಗ ಎಂಜಿನಿಯರುಗಳಿಗೆ ಆಸೆಯಿತ್ತು. ಅದು ಸಾಗದು ಎಂದರು ಚಾಮ್‌ಸ್ಕಿ. ಅವರ ಉದಾಹರಣೆಗಳು ಇಂಗ್ಲಿಷಿನವು, ನಾನು ಕನ್ನಡದ್ದನ್ನೇ ಕೊಡುತ್ತೇನೆ. ‘ನಿನ್ನೆ ಫೋನ್ ಮಾಡಿದ್ದ ಹುಡುಗನ ತಾಯಿ ತನ್ನ ತಮ್ಮನ ಜೊತೆ ಅವನ ಗೆಳೆಯನ ಕಾರಿನಲ್ಲಿ ಬಂದಳು.’ ಹುಡುಗ, ತಮ್ಮ, ಗೆಳೆಯ, ದಾರಿಯಲ್ಲಿ ಮೂವರು ಗಂಡಸರು. ಕ್ರಿಯಾಪದಕ್ಕೆ ತೀರ ಹತ್ತಿರವಿರುವವನು ಗೆಳೆಯ. ಆದರೂ ಅಕ್ಷರ ಬಾರದ ಅಜ್ಜಿಯೂ ‘ಬಂದನು’ ಎನ್ನುವುದಿಲ್ಲ. ಇನ್ನೂ ಹತ್ತು ಗಂಡಸರನ್ನು ನಡುವೆ ತುರುಕಿದರೂ ‘ಬಂದಳು’ ಕಾಯುತ್ತಿರುತ್ತಾಳೆ. ವಾಕ್ಯ ಮಣಿಸರವಲ್ಲ, ಕೊಂಬೆಯೊಳಗೆ ಕೊಂಬೆ ಇರುವ ಮರ. ಆ ಮರ ನಮ್ಮ ಕಿವಿಗೆ ಬೀಳುವುದಿಲ್ಲ, ಕೇಳಿಸುವುದು ಸರ ಮಾತ್ರ. ಮರ ನಮ್ಮೊಳಗಿದೆ. ಭಾಷೆಯೂ ಇಲಿಯ ಸನ್ನೆಕೋಲಿನಂತೆ ಅಭ್ಯಾಸದಿಂದ ಕಲಿತ ವರ್ತನೆಯೇ ಎಂದು ಸ್ಕಿನ್ನರ್ 1957ರಲ್ಲಿ ಪುಸ್ತಕ ಬರೆದಾಗ, 1959ರಲ್ಲಿ ಚಾಮ್‌ಸ್ಕಿ ಬರೆದ ವಿಮರ್ಶೆ ಆ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟಿತು. ಸೀಮಿತ ಸೂತ್ರಗಳಿಂದ ಭಾಷೆಯನ್ನೇ ಹುಟ್ಟಿಸುವ ಈ ಬಗೆಯ ವ್ಯಾಕರಣ ನಮ್ಮ ಪಾಣಿನಿಯಲ್ಲೂ ಕಾಣುತ್ತದೆ ಎಂದು ಅವರೇ 1965ರ ಪುಸ್ತಕದ ಮುನ್ನುಡಿಯಲ್ಲಿ ನೆನೆದಿದ್ದಾರೆ.

ಆ ದಿನ ಮಿಲ್ಲರ್ ಗೋಷ್ಠಿಯಿಂದ ಹೊರಬಂದದ್ದು ಒಂದು ಬಲವಾದ ಅನಿಸಿಕೆಯೊಂದಿಗೆ. ಮನಃಶಾಸ್ತ್ರದ ಪ್ರಯೋಗ, ಭಾಷಾಶಾಸ್ತ್ರ, ಕಂಪ್ಯೂಟರು ಮೂರೂ ಯಾವುದೋ ಒಂದೇ ದೊಡ್ಡ ವಸ್ತುವಿನ ಚೂರುಗಳು ಎಂಬುದು. ಅದನ್ನು ಅವರು ಆಗಲೇ ಸಾಧಿಸಿ ತೋರಿಸುವ ಹಾಗಿರಲಿಲ್ಲ.

ಹೆಸರಿಡುವ ಹೊತ್ತಿಗೆ

ಹುಟ್ಟಿದ ಮಗುವಿಗೆ ಹೆಸರಿಡಲು ತಡವಾಯಿತು. 1960ರಲ್ಲಿ ಮಿಲ್ಲರ್ ಮತ್ತು ಜೆರೋಮ್ ಬ್ರೂನರ್ ಹಾರ್ವರ್ಡಿನಲ್ಲಿ ‘ಸೆಂಟರ್ ಫಾರ್ ಕಾಗ್ನಿಟಿವ್ ಸ್ಟಡೀಸ್’ ತೆರೆದರು. ಸ್ಕಿನ್ನರ್ ಇದ್ದ ವಿಶ್ವವಿದ್ಯಾನಿಲಯದಲ್ಲೇ ಆ ಬೋರ್ಡು ತೂಗುಹಾಕಲು ಧೈರ್ಯ ಬೇಕಿತ್ತು. 1967ರಲ್ಲಿ ಉಲ್ರಿಕ್ ನೈಸರ್ ಬರೆದ ಪಠ್ಯಪುಸ್ತಕ ಈ ಹೊಸ ಮನಃಶಾಸ್ತ್ರವನ್ನು ತರಗತಿಗಳಿಗೆ ಒಯ್ದಿತು. ನನ್ನ ಬಿ.ಎ. ತರಗತಿಗೆ ಬಂದಿರಲಿಲ್ಲ, ಅಷ್ಟೇ. ‘ಕಾಗ್ನಿಟಿವ್ ಸೈನ್ಸ್’ ಎಂಬ ಹೆಸರನ್ನು 1973ರಲ್ಲಿ ಬಳಸಿದವರು ಬ್ರಿಟನ್ನಿನ ಕ್ರಿಸ್ಟೋಫರ್ ಲಾಂಗೆಟ್-ಹಿಗಿನ್ಸ್, ಮೂಲತಃ ರಸಾಯನಶಾಸ್ತ್ರದವರು. ನಾನು ಮೊದಲ ಸಲ ಹೆಡ್‌ಸೆಟ್ ತಲೆಗೇರಿಸಿದ ವರ್ಷವೇ ಅದು. 1977ರಲ್ಲಿ ಅದೇ ಹೆಸರಿನ ಪತ್ರಿಕೆ, 1979ರಲ್ಲಿ ಸಂಘ. ನಡುವೆ ಸ್ಲೋನ್ ಫೌಂಡೇಶನ್ ಹಣ ಹಾಕಿತು. 1978ರಲ್ಲಿ ಅದಕ್ಕಾಗಿ ಬರೆದ ವರದಿಯಲ್ಲಿ ಒಂದು ಷಟ್ಕೋನ ಇತ್ತು. ಆರು ಮೂಲೆಗೆ ತತ್ವಶಾಸ್ತ್ರ, ಮನಃಶಾಸ್ತ್ರ, ಭಾಷಾಶಾಸ್ತ್ರ, ಮಾನವಶಾಸ್ತ್ರ, ನರವಿಜ್ಞಾನ, ಕಂಪ್ಯೂಟರ್ ವಿಜ್ಞಾನ. ನಡುವೆ ಓಡಾಡುವ ಗೆರೆಗಳೇ ಹೊಸ ವಿಜ್ಞಾನ.

ಆದರೆ ಬಾಗಿಲು ತೆರೆದವರಲ್ಲೇ ಒಬ್ಬರಿಗೆ ಆಮೇಲೆ ಬೇಸರ ಬಂತು. ಅವರು ಬ್ರೂನರ್. 1947ರಲ್ಲಿ ಅವರು ಸೆಸೀಲ್ ಗುಡ್‌ಮನ್ ಜೊತೆ ಹತ್ತು ವರ್ಷದ ಮಕ್ಕಳ ಕೈಯಲ್ಲಿ ನಾಣ್ಯಗಳ ಗಾತ್ರವನ್ನು ಅಂದಾಜು ಮಾಡಿಸಿದ್ದರು. ಮಕ್ಕಳಿಗೆ ನಾಣ್ಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡಿತು, ಬಡವರ ಮಕ್ಕಳಿಗಂತೂ ಶ್ರೀಮಂತರ ಮಕ್ಕಳಿಗಿಂತ ಇನ್ನೂ ದೊಡ್ಡದಾಗಿ. ಕಣ್ಣು ಬರೀ ಅಳೆಯುವುದಿಲ್ಲ, ಅದಕ್ಕೆ ಬೇಕುಬೇಡಗಳಿವೆ ಎಂದು ತೋರಿಸಿದವರು ಅವರು. ತಾವು ಹೊರಟದ್ದು ಅರ್ಥವನ್ನು ಹುಡುಕಲು, ಆದರೆ ಕಂಪ್ಯೂಟರಿನ ಮೋಹದಲ್ಲಿ ಬಂಡಿ ಬರೀ ಮಾಹಿತಿಯ ಸಾಗಾಣಿಕೆಯ ಕಡೆ ಹೊರಳಿತು ಎಂದು 1990ರ ಪುಸ್ತಕವೊಂದರಲ್ಲಿ ಅವರು ಕೊರಗಿದರು.

ಅವರ ಕೊರಗು ನನಗೆ ಅರ್ಥವಾಗುತ್ತದೆ. ಶ್ಯಾನನ್ ತಮ್ಮ ಲೇಖನದ ಆರಂಭದಲ್ಲೇ ಹೇಳಿಬಿಟ್ಟಿದ್ದರು: ಸಂದೇಶದ ಅರ್ಥ ಎಂಜಿನಿಯರನ ಲೆಕ್ಕಕ್ಕೆ ಸೇರಿದ್ದಲ್ಲ. ಸರಿಯೇ. ತಂತಿಗೆ ಎಲ್ಲ ಮಾತೂ ಒಂದೇ. ನಾವು ಫೋನೋಗ್ರಾಂ ತೆಗೆದುಕೊಳ್ಳುತ್ತಿದ್ದೆವು, ಎಂದರೆ ಫೋನಿನಲ್ಲಿ ಹೇಳಿ ಬರೆಸುವ ಟೆಲಿಗ್ರಾಂ. ‘ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೇಟ್ಲಿ.’ ನಾಲ್ಕು ಪದ. ‘ಸ್ಟಾಕ್ ಅರೈವ್ಡ್, ಸೆಂಡ್ ಲಾರಿ’ ಎಂಬುದಕ್ಕೂ ನಾಲ್ಕೇ ಪದದ ಹಣ. ಆದರೆ ಮೊದಲನೆಯದನ್ನು ಬರೆದುಕೊಳ್ಳುವಾಗ ನಮ್ಮ ಪೆನ್ಸಿಲ್ಲು ನಿಧಾನವಾಗುತ್ತಿತ್ತು. ಅಪ್ಪ ತೀರಿಹೋಗಿದ್ದಾರೆ ಎಂದು ಬರೆಸಿದವನಿಗೆ ಗೊತ್ತು, ಬರೆದುಕೊಂಡ ನನಗೆ ಗೊತ್ತು, ಓದುವ ಮಗನಿಗೂ ದಾರಿಯುದ್ದಕ್ಕೂ ಗೊತ್ತಿರುತ್ತದೆ. ಆ ನಾಲ್ಕು ಪದಗಳಲ್ಲಿ ಅದು ಎಲ್ಲಿಯೂ ಇರಲಿಲ್ಲ. ಕಿವಿಗೂ ಕೈಗೂ ನಡುವೆ ಅಂಕಿ ಎಲ್ಲಿರುತ್ತದೆ ಎಂಬುದಕ್ಕೆ ಈ ವಿಜ್ಞಾನ ನನಗೆ ಉತ್ತರ ಕೊಟ್ಟಿತು. ಪೆನ್ಸಿಲ್ಲು ಯಾಕೆ ನಿಧಾನವಾಯಿತು ಎಂದು ಕೇಳಿದರೆ ಅದೂ ಬ್ರೂನರ್ ಹಾಗೆ ತಲೆ ಕೆರೆದುಕೊಳ್ಳಬೇಕಾದೀತು.

ಈಗ ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ನಾನು ಇವರಿಗೆ ಅಂಕಿ ಹೇಳುತ್ತೇನೆ, ಇವರು ಒಪ್ಪಿಸುತ್ತಾರೆ. ಐದಕ್ಕೆ ಗಟ್ಟಿ, ಆರಕ್ಕೆ ಇನ್ನೂ ತೊಡರು. ಹೋದ ವಾರ ಬೇಕೆಂದೇ, ಮುಖದಲ್ಲಿ ಏನೂ ತೋರಿಸದೆ, ಒಂದು ಆರಂಕಿ ಹೇಳಿದೆ. ಇವರು ಕಾಫಿ ವರ್ಕ್ಸಿನಲ್ಲಿ ಗುಮಾಸ್ತರಾಗಿದ್ದಾಗ ದಿನಾ ಮಧ್ಯಾಹ್ನ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ ನಂಬರು ಅದು. ಬುಕ್ ಮಾಡಿಕೊಳ್ಳುತ್ತಿದ್ದವಳು ನಾನು. ಲೈನು ಸಿಗುವ ತನಕ ಮಾತಾಡುತ್ತ ಮಾತಾಡುತ್ತಲೇ ನಮ್ಮ ಮದುವೆಯಾದದ್ದು.

ಇವರು ಆರನ್ನೂ ಒಂದೇ ಉಸಿರಿಗೆ ಹೇಳಿ, ಲೋಟ ಕೆಳಗಿಟ್ಟು, ‘ಇದನ್ನ ಲೆಕ್ಕಕ್ಕೆ ಹಿಡೀಬೇಡ ಕಣೇ, ಇದು ನಂಬರಲ್ಲ’ ಎಂದರು.

ನಾನು ಲೆಕ್ಕಕ್ಕೆ ಹಿಡಿದೆ. ಚೀಟಿಯ ಹಿಂದೆ ಆರು ಎಂದೇ ಬರೆದಿಟ್ಟಿದ್ದೇನೆ.